ಜೇಬಿನ ಕೊಬ್ಬರಿ

ಶೆಟ್ಟಿಕೆರೆಯ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಡಬ್ಬಿ ಬಿಚ್ಚಿದೆ. ಸಕ್ಕರೆ ಕಾಯಿಲೆ ಬಂದ ಮೇಲೆ ಎಲ್ಲಿಗೆ ಹೊರಟರೂ ಎರಡು ಚಪಾತಿ, ಬೇಯಿಸಿದ ಹುರುಳಿಕಾಯಿ ಪಲ್ಯ ಜೊತೆಗಿರುತ್ತವೆ. ಜೊತೆಗೆ ಬರುವುದೂ ಅವಷ್ಟೇ.

ಪಕ್ಕದಲ್ಲಿದ್ದ ಹಿರಿಯರು ಡಬ್ಬಿ ನೋಡಿಯೇ "ಶುಗರ್ರಾ?" ಎಂದರು. ಹೆಸರು ಸಿದ್ದಪ್ಪ, ತೆಂಗಿನಕಾಯಿ ಸುಲಿಯುವ ಕೆಲಸ. ಅವರಿಗೂ ಸಕ್ಕರೆ ಕಾಯಿಲೆ. ಕಾಲಿನ ಗಾಯ ಮಾಯುತ್ತಿಲ್ಲವೆಂದು ಬ್ಯಾಂಡೇಜು ಬದಲಿಸಲು ಚಿಕ್ಕನಾಯಕನಹಳ್ಳಿಗೆ ಹೊರಟಿದ್ದರು.

"ಪಥ್ಯ ಮಾಡ್ತೀರಾ?" ಎಂದು ಕೇಳಿದೆ.

"ಮಧ್ಯಾಹ್ನದ ಊಟನೇ ಬುಟ್ಟಿದೀನಿ. ಆದ್ರೂ ಶುಗರ್ ಇಳೀತಿಲ್ಲ. ಡಾಕ್ಟ್ರಿಗೇ ತಲೆಕೆಟ್ಟೋಗೈತೆ."

ಹೇಳುತ್ತಲೇ ಜೇಬಿನಿಂದ ಒಂದು ಹೋಳು ಕೊಬ್ಬರಿ, ಒಂದು ಚೂರು ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡರು. ಜೇಬು ಇನ್ನೂ ದಪ್ಪಗಿತ್ತು.

"ಇದನ್ನು ಡಾಕ್ಟರಿಗೆ ಹೇಳಿದ್ದೀರಾ?"

"ಇದನ್ಯಾಕೆ ಹೇಳ್ಲಿ?" ಅವರಿಗೆ ನಿಜವಾಗಿಯೂ ಅಚ್ಚರಿಯಾಯಿತು. "ಕೆಲ್ಸದಾಗೆ ನಿಂತ್ಕಂಡು ಬಾಯಾಡ್ಸೋದು ಊಟ ಆಯ್ತದಾ? ಯಾರಾದ್ರೂ ಕೂರುಸ್ಕಂಡು ಇಕ್ಬೇಕು ಕಣ್ರೀ. ನಮ್ಮನೆಯೋಳು ಹೋದ್ಮೇಲೆ ಇಕ್ಕೋರಿಲ್ಲ."

ಡಬ್ಬಿಯ ಮುಚ್ಚಳಕ್ಕೆ ಒಂದು ಚಪಾತಿ, ಅರ್ಧ ಪಲ್ಯ ಬಡಿಸಿ ಅವರ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ನನ್ನ ಕೈಯಿಂದ ಚಮಚ ತೆಗೆದುಕೊಂಡು, ಡಬ್ಬಿಯಲ್ಲಿ ಉಳಿದಿದ್ದ ಪಲ್ಯವನ್ನು ನನ್ನ ಚಪಾತಿಯ ಮೇಲೆ ಹಾಕಿದರು.

"ಈಗ ಉಣ್ಣಿ" ಎಂದರು.

ಬಸ್ಸು ಬಂತು. ಇಬ್ಬರೂ ಏಳಲಿಲ್ಲ.