ಇಪ್ಪತ್ತೆಂಟು ಸೆಂಟ್ ಮಳೆ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಮಳೆ ಬಂತು. ಆಫೀಸಿನ ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ, ಸಂತೋಷದಿಂದ ನೋಡಿದ್ದೆ. ನಮ್ಮ ಕೇಡು ಶುರುವಾದದ್ದೂ ಅದೇ ನಿಮಿಷದಲ್ಲಿ ಎಂದು ತಿಳಿಯಲು ನನಗೆ ಒಂಬತ್ತು ದಿನ ಬೇಕಾಯಿತು.

ಕಳಸದಿಂದ ಮೇಲೆ ಬಿಳಿ ದೊರೆಯೊಬ್ಬನ ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಎಂಟು ಗಂಟೆಗೆ ಮಳೆಮಾಪಕ ನೋಡಿ ಇಂಚಿಗೆ ನೂರು ಸೆಂಟಿನ ಲೆಕ್ಕದಲ್ಲಿ ಬರೆದಿಡುವುದು, ದೊರೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಆಳುಗಳಿಗೆ ಕನ್ನಡದಲ್ಲಿ ಹೇಳುವುದು, ಇಷ್ಟು ನನ್ನ ಕೆಲಸ. ಮಂಗಳೂರಿನಲ್ಲಿ ಕಾಲೇಜು ಮುಗಿಸಿ, ಮದುವೆಯಾಗಿ, ಘಟ್ಟ ಹತ್ತಿ ಬಂದು ಹತ್ತು ತಿಂಗಳಾಗಿತ್ತು. ಕಾಫಿ ಹೂವಾಗುವುದನ್ನು ನಾನು ಇನ್ನೂ ನೋಡಿರಲಿಲ್ಲ. ಸುತ್ತಮುತ್ತ ಕ್ರೈಸ್ತರ ಮನೆ ನಮ್ಮದೊಂದೇ. ಹೆಂಡತಿಗೆ ದಿನ ತುಂಬುತ್ತಿತ್ತು.

ಆ ವರ್ಷ ಮಾರ್ಚ್ ಕಳೆದರೂ ಹೂಮಳೆ ಬರಲಿಲ್ಲ. ಮೊಗ್ಗು ಕಟ್ಟಿ ನಿಂತ ಗಿಡಕ್ಕೆ ಆಗ ಒಂದು ಇಂಚು ಮಳೆ ಬಿದ್ದರೆ ಹೂವು, ಹೂವಾದರೆ ಹಣ್ಣು, ಹಣ್ಣಿದ್ದರೆ ಆಳಿಗೆ ಕೆಲಸ. ಆಳುಗಳ ಸಾಲುಮನೆಗಳಲ್ಲಿ, ಅಂದರೆ ಲೈನಿನಲ್ಲಿ, ಹೊರನಾಡಿನ ಅಮ್ಮನಿಗೆ ಹರಕೆ ಹೊತ್ತರು. ಅಲ್ಲಿ ಬಂದವರಿಗೆ ಬಡಿಸುವ ಊಟಕ್ಕೆಂದು ಮನೆಗೊಂದು ಸೇರು ಅಕ್ಕಿ ಎತ್ತಿದರು. ಆಳುಗಳ ಮೇಲಿನ ಮೇಸ್ತ್ರಿ ನಮ್ಮ ಜಗಲಿಗೂ ಚೀಲ ಹಿಡಿದು ಬಂದ.

"ಒಂದು ಸೇರು ಸಾಕು ರೈಟ್ರೇ. ಮಳೆ ಬಂದ್ರೆ ಎಲ್ರ ಮಾಡಿನ ಮೇಲೂ ಬೀಳ್ತದಲ್ಲ."

ನನ್ನ ನಂಬಿಕೆಗೆ ಅದು ಒಗ್ಗುವುದಿಲ್ಲ ಎಂದು ಮೆತ್ತಗೆ ಹೇಳಬಹುದಿತ್ತು. ಹೇಳಿದ್ದು ಬೇರೆ. "ನನ್ನ ದೇವರಿಗೆ ಲಂಚ ಬೇಡ. ನಾನು ಕೇಳಿದರೆ ಕೊಡ್ತಾನೆ. ನೋಡ್ತಾ ಇರಿ."

ಮೇಸ್ತ್ರಿ ಚೀಲದ ಬಾಯಿ ಮಡಚಿ ಹೋದ.

ಆ ಸಂಜೆ ಊಟಕ್ಕೆ ಮೊದಲು ಮಳೆಗಾಗಿ ಕೇಳಿದೆ. ಅದನ್ನು ಪ್ರಾರ್ಥನೆ ಎನ್ನಲು ಈಗ ನಾಚಿಕೆ. ಹಾಜರಿ ಕೂಗುವ ದನಿಯಲ್ಲೇ ದೇವರನ್ನೂ ಕೂಗಿದ್ದೆ. ಗಿಡ, ಹೂವು, ಲೈನಿನ ಜನ ಯಾವುದೂ ನನ್ನ ಮನಸ್ಸಿನಲ್ಲಿರಲಿಲ್ಲ. ಮೇಸ್ತ್ರಿಯ ಮುಂದೆ ನನ್ನ ಮಾತು ನಿಲ್ಲಬೇಕಿತ್ತು. ಹೆಂಡತಿ "ಆಮೆನ್" ಎನ್ನಲು ಸ್ವಲ್ಪ ತಡಮಾಡಿದಳು.

ನಾಲ್ಕನೆಯ ದಿನ ಮಳೆ ಬಂತು. ಬರಿತಲೆಯಲ್ಲಿ ಕಾಫಿ ಒಣಗಿಸುವ ಕಣಕ್ಕಿಳಿದು, ಶೆಡ್ಡಿನಡಿ ನಿಂತಿದ್ದ ಆಳುಗಳಿಗೆ ಕೇಳುವಂತೆ "ಇದು ಯಾರ ಮಳೆ ಹೇಳಿ ನೋಡುವ" ಎಂದೆ. ಅರ್ಧ ಗಂಟೆಯಲ್ಲಿ ಬಿಸಿಲು ಬಂತು. ಮರುದಿನ ಮಾಪಕ ಅಳೆದು, ಪುಸ್ತಕದಲ್ಲಿ 'ದೇವರ ದಯೆಯಿಂದ' ಎಂದು ಬರೆದೆ. ಹಿಂದೆ ಮೇಸ್ತ್ರಿ ನಿಂತಿದ್ದ.

"ಎಷ್ಟು?"

"ಇಪ್ಪತ್ತೆಂಟು ಸೆಂಟ್."

"ಕಾಲು ಇಂಚು," ಎಂದ. ಎಲೆಯಡಿಕೆ ಉಗಿದು ಬಂದು ಮತ್ತೆ ಹೇಳಿದ: "ಬರದೇ ಇದ್ದಿದ್ರೆ ಮೊಗ್ಗು ಇನ್ನೂ ಹತ್ತು ದಿನ ಕಾಯ್ತಿತ್ತು ಮಾರಾಯ್ರೆ. ಕಾಲು ಇಂಚಿಗೆ ಅದು ಅರ್ಧ ನಿದ್ದೆಯಲ್ಲಿ ಎದ್ದು ಸಾಯ್ತದೆ. ನಿಮ್ಮ ದೇವರಿಗೆ ಕಾಫಿ ಗೊತ್ತಿಲ್ಲ."

ಅಸೂಯೆಯ ಮಾತು ಎಂದುಕೊಂಡೆ. ಮಳೆ ಬಿದ್ದ ಒಂಬತ್ತನೆಯ ದಿನ ಗುಡ್ಡವೆಲ್ಲ ಹೂವಿನಿಂದ ಬೆಳ್ಳಗಾಗಬೇಕಿತ್ತು. ಮೊಗ್ಗುಗಳು ಹಸಿರು ನಕ್ಷತ್ರದಂತೆ ಬಿರಿದು, ಅರಳದೆ, ಎರಡು ದಿನದಲ್ಲಿ ಕಂದಿದವು. ದೊರೆ ತೋಟವನ್ನೆಲ್ಲ ಸುತ್ತಿ ಬಂದು ನನಗೆ ಒಂದೇ ವಾಕ್ಯ ಹೇಳಿದ. ಹಾಜರಿಯಲ್ಲಿ ಅದನ್ನು ಕನ್ನಡದಲ್ಲಿ ಹೇಳಬೇಕಾದವನು ನಾನು: ಮಳೆಗಾಲಕ್ಕೆ ಘಟ್ಟ ಇಳಿಯುವವರಲ್ಲಿ ಅರ್ಧ ಜನ ಕೊಯ್ಲಿಗೆ ತಿರುಗಿ ಬರುವುದು ಬೇಡ.

"ಇದೂ ನಿಮ್ಮ ದೇವರು ಹೇಳಿದ್ದಾ ರೈಟ್ರೇ?" ಎಂದು ಹಿಂದಿನಿಂದ ಒಂದು ಹೆಣ್ಣುದನಿ. ಒಂದಿಬ್ಬರು ನಕ್ಕರು. ನಾನು ಪುಸ್ತಕ ತೆರೆದು ಹೆಸರು ಕೂಗತೊಡಗಿದೆ.

ಅಂದಿನಿಂದ ಕತ್ತಲಾದ ಮೇಲೆ ನಮ್ಮ ತಗಡಿನ ಮಾಡಿಗೆ ಕಲ್ಲು ಬೀಳತೊಡಗಿತು. ಒಂದು ಬಿದ್ದ ಮೇಲೆ ಇನ್ನೊಂದು ಯಾವಾಗಲೋ ತಿಳಿಯದು. ನೀರು ತರುವವಳು ಬರುವುದನ್ನು ಬಿಟ್ಟಳು. ಬಾವಿಯ ಹಗ್ಗವನ್ನು ಯಾರೋ ಕತ್ತರಿಸಿದ್ದರು. ಹೆಂಡತಿ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು. ಅವಳು ಕೇಳಿದ್ದು ಒಂದೇ: "ಹೆರಿಗೆಗೆ ಯಾರು ಬರ್ತಾರೆ?"

ಆಸ್ಪತ್ರೆಗೆ ಎತ್ತಿನ ಗಾಡಿಯಲ್ಲಿ ಒಂದು ಇಡೀ ದಿನದ ದಾರಿ. ಹತ್ತಿರದಲ್ಲಿ ಇದ್ದ ಸೂಲಗಿತ್ತಿ ಒಬ್ಬಳೇ, ಮೇಸ್ತ್ರಿಯ ಅಕ್ಕ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನೋವು ಶುರುವಾಯಿತು. ಲೈನಿಗೆ ಓಡಿದೆ. ರಜೆಯ ದಿನ, ಗಂಡಸರೆಲ್ಲ ಅಂಗಳದಲ್ಲಿ ಕೂತು ಕತ್ತಿ ಮಸೆಯುತ್ತಿದ್ದರು. ನಾನು ಹೋದಾಗ ಎದ್ದು ನಿಂತು ತಲೆವಸ್ತ್ರ ತೆಗೆಯುವುದು ವಾಡಿಕೆ. ಎದ್ದು ನಿಂತರು, ದಾರಿಗೆ ಅಡ್ಡವಾಗಿ. ನನ್ನ ಹಿಂದೆಯೂ ಇಬ್ಬರು ಬಂದು ನಿಂತರು. ಮೇಸ್ತ್ರಿಯ ಕತ್ತಿಯ ಅಂಚಿನಿಂದ ಮಸೆದ ನೀರು ತೊಟ್ಟಿಕ್ಕುತ್ತಿತ್ತು. ಆ ತೊಟ್ಟುಗಳನ್ನು ಈಗಲೂ ಎಣಿಸುತ್ತೇನೆ.

"ಹೆಂಡತಿಗೆ ನೋವು," ಎಂದೆ. "ನಿನ್ನ ಅಕ್ಕನ್ನ ಕಳಿಸು."

"ಕಳಿಸು," ಎಂದು ಮೇಸ್ತ್ರಿ ನನ್ನ ದನಿಯಲ್ಲೇ ಹೇಳಿದ. "ನೀನು ಕೇಳಿದ್ರೆ ಅವನು ಕೊಡ್ತಾನಲ್ಲ. ಅವನನ್ನೇ ಕರಿ. ಬಿಸಿನೀರು ಕಾಯಿಸೋಕೆ ಬರ್ತಾನಾ ನೋಡುವ."

ಯಾರೋ ಹಿಂದಿನಿಂದ ನೂಕಿದರು. ಮುಗ್ಗರಿಸಿ ಮಸೆಗಲ್ಲಿನ ಪಕ್ಕ ಅಂಗೈ ಊರಿದೆ. ಎಲ್ಲರ ಕಾಲುಗಳೂ ಹತ್ತಿರ ಬಂದವು. ಅವರು ಏನೂ ಮಾಡುತ್ತಿರಲಿಲ್ಲ ಎಂದು ಆಮೇಲೆ ಅನೇಕರು ಹೇಳಿದರು. ಅವರು ಆ ನೆಲದಿಂದ ನೋಡಿದವರಲ್ಲ.

ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. "ತಪ್ಪಾಯ್ತು, ದಯವಿಟ್ಟು" ಎಂಬಷ್ಟು ನೆನಪಿದೆ. ಅದನ್ನು ಮೇಸ್ತ್ರಿಗೆ ಹೇಳಿದೆನೋ ದೇವರಿಗೆ ಹೇಳಿದೆನೋ ಬೇರೆ ಮಾಡಲು ನನಗೆ ಆಗುವುದಿಲ್ಲ. ಏನೂ ಸಿಗಲಾರದು ಎಂದು ತಿಳಿದೂ ಕೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಒಳಗಿನಿಂದ ಮುದುಕಿ ಹೊರಬಂದಳು. ಕೈಯಲ್ಲಿ ಎಣ್ಣೆಯ ಕುಡಿಕೆ.

"ದಾರಿ ಬಿಡಿ."

"ಅಕ್ಕ, ಇವನಿಗಾ?" ಎಂದ ಮೇಸ್ತ್ರಿ.

"ಇವನಿಗೆ ಯಾರು ಬರ್ತಾರೆ? ಇವನು ಬೇಡ ಅಂದ ದಿನವೇ ಆ ಹುಡುಗಿ ಹಿತ್ತಲ ಬಾಗಿಲಲ್ಲಿ ಒಂದು ಸೇರು ಅಕ್ಕಿ ಕೊಟ್ಲು. ಹೊರನಾಡಲ್ಲಿ ಅದನ್ನ ಉಂಡವರು ಇದ್ದಾರೆ. ಅವಳಿಗೆ ಬರ್ತಿದ್ದೀನಿ." ನನ್ನ ಕಡೆ ನೋಡದೆ ಹೇಳಿದಳು: "ಏಳಿ ರೈಟ್ರೇ. ಬಾವಿಗೆ ಹಗ್ಗ ಕಟ್ಟಿ. ನೀರು ಬೇಕು."

ಮಧ್ಯಾಹ್ನಕ್ಕೆ ಹೆಣ್ಣುಮಗು ಹುಟ್ಟಿತು. ಬೆನ್ನು ತಟ್ಟಿ ಅಳಿಸಬೇಕಾಯಿತು. ಮುದುಕಿ ಕೈ ತೊಳೆಯುತ್ತಾ, "ಮುಂದಿನ ಸಲ ಅಳತೆ ಹೇಳಿ ಕೇಳಿ" ಎಂದಳು. ನಗಲಿಲ್ಲ. ನನ್ನ ಮನೆಯ ಕಾಫಿ ಕುಡಿಯಲಿಲ್ಲ.

ನನಗೆ ಹುಟ್ಟಿದ ಮೊದಲ ಭಾವನೆ ಕೃತಜ್ಞತೆಯಲ್ಲ. ಕಾಣದಂತೆ ಅಕ್ಕಿ ಕೊಟ್ಟಳಲ್ಲ ಎಂದು ಹೆಂಡತಿಯ ಮೇಲೆ ಸಿಟ್ಟು ಬಂತು, ಬಾಣಂತಿಯನ್ನು ಕೇಳಿಯೂಬಿಟ್ಟೆ.

"ಅನ್ನಕ್ಕೆ ಕೊಟ್ಟೆ," ಎಂದಳು. "ನೀವು ದಿನಾ ಪ್ರಾರ್ಥನೆಯಲ್ಲಿ ಬೇಡ್ತೀರಲ್ಲ, ಅನ್ನ ಕೊಡು ಅಂತ. ಬೇರೆಯವರೂ ಬೇಡ್ತಾ ಇರ್ತಾರೆ."

ನಾನು ಮಳೆಯಲ್ಲಿ ದೇವರ ದಯೆ ಕಂಡೆ ಎಂದು ಕೂಗಿದ್ದೆ. ಅದು ನಾಲ್ಕು ದಿನ ಮೊದಲೇ ನನ್ನ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿತ್ತು. ಪುಸ್ತಕದಲ್ಲಿ ಬರೆದ ಆ ಎರಡು ಮಾತನ್ನು ಹೊಡೆದುಹಾಕಬೇಕೆಂದು ಹಲವು ಸಲ ಕೈ ಹೋಯಿತು. ಹೊಡೆಯಲಿಲ್ಲ, ಇನ್ನೊಮ್ಮೆ ಬರೆಯಲೂ ಇಲ್ಲ.

ಕಲ್ಲು ನಿಂತಿತು, ಸ್ನೇಹವೇನೂ ಬೆಳೆಯಲಿಲ್ಲ. ಹಾಜರಿಯಲ್ಲಿ ಹೆಸರು ಕೂಗಿದರೆ ಓಗೊಡುವಷ್ಟೇ. ಕಲ್ಲಿಲ್ಲದ ರಾತ್ರಿಗಳಲ್ಲೂ ನಾವಿಬ್ಬರೂ ಅದನ್ನೇ ಕಾಯುತ್ತಾ ಎಚ್ಚರವಿದ್ದೆವು.

ಮಗುವಿಗೆ ಹದಿನೆಂಟು ದಿನವಾದ ಬೆಳಿಗ್ಗೆ ಬಾಗಿಲು ಬಡಿದ ಸದ್ದಿಗೆ ಎದ್ದೆ. ಬೆಳಕು ಹರಿದು ಬಹಳ ಹೊತ್ತಾಗಿತ್ತು. ಹೆಂಡತಿಯೂ ಮಗುವೂ ಇನ್ನೂ ನಿದ್ದೆಯಲ್ಲಿದ್ದರು. ಹೊರಗೆ ಕಂಬಳಿ ಹೊದ್ದ ಮೇಸ್ತ್ರಿ. ಅಂಗಳದ ತುಂಬ ಕೆಂಪು ನೀರು.

"ರಾತ್ರಿಯಿಡೀ ಹೊಡೆದಿದೆ. ತಗಡಿನ ಮೇಲೆ ಕೇಳ್ಲಿಲ್ವಾ?" ಎಂದ.

"ಇಲ್ಲ."

"ಎಂಟು ದಾಟಿತು. ಮಾಪಕ ತುಂಬಿ ಚೆಲ್ತಾ ಇದೆ. ಈಗ ಬಂದು ಏನು ಪ್ರಯೋಜನ, ಹೂವೆಲ್ಲ ಹೋಯ್ತು." ಸ್ವಲ್ಪ ಕಾದ. ಇದು ಯಾರ ಮಳೆ ಎಂದು ನಾನು ಹೇಳುವೆನೋ ಎಂದು ಕಾದನೆಂದು ಕಾಣುತ್ತದೆ.

"ಕೊಡೆ ತಗೊಂಡು ಬರ್ತೀನಿ," ಎಂದೆ.