ಟಾಂಕಿ ತುಂಬಿಸಿದ ದಿನವೇ ನಿಲ್ಲುವ ಕಾರು

ನಮ್ಮ ಹಳೇ ಕಾರು ನಾನು ಶಾಲೆಗೆ ಹೋಗುವಾಗ ಎಂದೂ ಕೈಕೊಟ್ಟಿರಲಿಲ್ಲ. ರಾಮದುರ್ಗದಿಂದ ಸಾಲಹಳ್ಳಿಗೆ ಹೋಗಿ ವಿಜ್ಞಾನ ಕಲಿಸಿ ಬರುವ ನನ್ನನ್ನು ಅದು ದಿನಾ ತಕರಾರಿಲ್ಲದೆ ಹೊತ್ತು ತರುತ್ತಿತ್ತು. ನಿಲ್ಲುತ್ತಿದ್ದದ್ದು ಒಂದೇ ದಿನ: ಅವ್ವನನ್ನು ಬೈಲಹೊಂಗಲಕ್ಕೆ, ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುವ ದಿನ.

ಆ ಡಾಕ್ಟರು ತಿಂಗಳಿಗೊಮ್ಮೆ ಮಾತ್ರ ಅಲ್ಲಿಗೆ ಬರುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಅವ್ವನ ಎಡಗಣ್ಣು ಹೋಗಿಯೇ ಬಿಟ್ಟಿತ್ತು, ಬಲಗಣ್ಣು ಮಸುಕಾಗುತ್ತಿತ್ತು. ಕಣ್ಣಿಗೇ ಚುಚ್ಚುವ ಇಂಜೆಕ್ಷನ್ನು, ತಿಂಗಳಿಗೊಂದರಂತೆ ಮೂರು. ಮೊದಲನೆಯದು ಹೇಗೋ ಆಯಿತು. ಎರಡನೆಯ ತಿಂಗಳು ಕಾರು ದಾರಿಯಲ್ಲಿ ಮೂರು ಸಲ ನಿಂತು, ನಾವು ಮುಟ್ಟುವಷ್ಟರಲ್ಲಿ ಡಾಕ್ಟರು ಹೊರಟುಹೋಗಿದ್ದರು. ಮೂರನೆಯ ತಿಂಗಳು ತೊರಗಲ್ ಕೋಟೆ ಕಾಣುತ್ತಿದ್ದಂತೆಯೇ ಕೊಸರಾಡಿ ನಿಂತಿತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

“ಸಾಲಿಗೆ ಹೋಗುವಾಗ ನಿಲ್ಲೂದಿಲ್ಲ, ನನ್ನ ಕರ್ಕೊಂಡು ಹೊಂಟಾಗಷ್ಟ ನಿಲ್ಲತೈತಿ. ದೇವರು ಬ್ಯಾಡ ಅನ್ನಾಕ ಹತ್ಯಾನ. ಗಾಡಿ ಹೊಳ್ಳಿಸು.”

ಬಾಡಿಗೆ ಕಾರು ತರುತ್ತೇನೆ ಎಂದೆ. ಅದಕ್ಕೂ ಒಲ್ಲೆ ಎಂದಳು. ದೇವರೇ ಬೇಡ ಎಂದ ಮೇಲೆ ಯಾರ ಕಾರಾದರೇನು? ಸೂಜಿಯ ಹೆದರಿಕೆಗೆ ದೇವರ ಹೆಸರು ಸಿಕ್ಕಿದೆ ಎಂದು ನನಗೆ ಗೊತ್ತಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಅವತ್ತು ಬೈಯಲಿಲ್ಲ. ದೇವರ ಜೊತೆ ವಾದ ಮಾಡಲು ನನಗೆ ಬರುವುದಿಲ್ಲ. ಕಾರಿನ ಜೊತೆ ಮಾಡಬಹುದು. ತಡವಾದರೆ ಇದ್ದ ನೋಟವೂ ಹೋದೀತು ಎಂದು ಡಾಕ್ಟರು ಹೇಳಿದ್ದರು. ಮುಂದಿನ ತಿಂಗಳ ತಾರೀಖಿನೊಳಗೆ ಇದು ಯಾಕೆ ನಿಲ್ಲುತ್ತದೆಂದು ಕಂಡುಹಿಡಿದೇ ತೀರಬೇಕು ಎಂದುಕೊಂಡೆ.

ಅಪ್ಪನ ಕಾಲದಿಂದ ನಮ್ಮ ಕಾರು ನೋಡುವ ಮಿಸ್ತ್ರಿ ಸಾಬರು ಆಗಲೇ ಪೆಟ್ರೋಲ್ ಪಂಪು ಬದಲಿಸಿದ್ದರು, ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದರು, ಒಳಗಿನ ಪೆಟ್ರೋಲ್ ಕಾಣುವಂಥ ಪ್ಲಾಸ್ಟಿಕ್ಕಿನ ಹೊಸ ಫಿಲ್ಟರು ಕೂರಿಸಿದ್ದರು. ಪ್ರತಿ ಸಲವೂ ಊರೊಳಗೆ ಒಂದು ಸುತ್ತು ಹೊಡೆದು, “ಚಲೋ ಐತ್ರಿ ಅಕ್ಕಾರ” ಎಂದು ಕೀಲಿ ಕೊಡುತ್ತಿದ್ದರು. ಊರೊಳಗೆ ಅದು ಚಲೋನೇ ಇರುತ್ತಿತ್ತು.

ಮಕ್ಕಳಿಗೆ ನಾನು ವರ್ಷವಿಡೀ ಹೇಳುವುದು ಒಂದೇ ಮಾತು: ಊಹೆ ಆಮೇಲೆ, ಮೊದಲು ಬರೆದಿಡಿ. ಒಂದು ನೋಟ್‌ಬುಕ್ಕಿನಲ್ಲಿ, ಕಾರು ನಿಂತದ್ದು ಎಲ್ಲಿ, ಆಗ ಪೆಟ್ರೋಲ್ ಎಷ್ಟಿತ್ತು, ಮತ್ತೆ ಚಾಲೂ ಆಗಲು ಎಷ್ಟು ಹೊತ್ತು ಬೇಕಾಯಿತು ಎಂದು ನೆನಪಿದ್ದಷ್ಟನ್ನೂ ಬರೆದೆ. ಬರೆದ ಮೇಲೆ ನಾಚಿಕೆಯಾಯಿತು. ಶಾಲೆಗೆ ಹೋಗುವಾಗ ನಾನು ಅಷ್ಟಿಷ್ಟು ಪೆಟ್ರೋಲ್ ಹಾಕಿಸುತ್ತಿದ್ದೆ; ಬೈಲಹೊಂಗಲಕ್ಕೆ ದೂರದ ದಾರಿಯೆಂದು ಟಾಂಕಿ ತುಂಬಿಸುತ್ತಿದ್ದೆ. ಕಾರು ನಿಲ್ಲುತ್ತಿದ್ದದ್ದು ಟಾಂಕಿ ತುಂಬಿದಾಗಲೇ.

ಮುಂದಿನ ಭಾನುವಾರ ಟಾಂಕಿ ತುಂಬಿಸಿಕೊಂಡು ಸವದತ್ತಿ ದಾರಿ ಹಿಡಿದೆ. ಕಾರು ನಿಲ್ಲಲಿ ಎಂದೇ ಹಾರೈಸಿಕೊಂಡು ಹೊರಟದ್ದು ಅದೊಂದೇ ಸಲ. ತೊರಗಲ್ ಹತ್ತಿರ ಬಂತು, ಕೊಸರಾಡಿತು, ನಿಂತಿತು. ಓಡಿಹೋಗಿ ಬಾನೆಟ್ ಎತ್ತಿದೆ. ಫಿಲ್ಟರು ಒಣಗಿತ್ತು. ಹಿಂದೆ ಟಾಂಕಿ ತುಂಬ ಪೆಟ್ರೋಲ್, ಮುಂದೆ ಒಂದು ಹನಿಯಿಲ್ಲ. ಹಾಗಾದರೆ ಪೆಟ್ರೋಲನ್ನು ಏನೋ ಹಿಂದೆಯೇ ಹಿಡಿದಿಟ್ಟಿದೆ. ಟಾಂಕಿಯಲ್ಲಿ ನಿಜವಾಗಿ ಇದೆಯೋ ಇಲ್ಲವೋ ನೋಡೋಣವೆಂದು ಮುಚ್ಚಳ ತಿರುವಿದೆ. ಹಿಸ್ ಎಂದು ಗಾಳಿ ಒಳಗೆ ಎಳೆದುಕೊಂಡಿತು. ಕೀಲಿ ತಿರುವಿದರೆ, ಸಾಮಾನ್ಯವಾಗಿ ಅರ್ಧ ಗಂಟೆ ಸತಾಯಿಸುವ ಕಾರು ನಾಲ್ಕೇ ಉಸಿರಿಗೆ ಚಾಲೂ ಆಯಿತು.

ಒಂದು ಸಲ ಆದದ್ದನ್ನು ನಂಬುವವಳು ನಾನಲ್ಲ. ಮುಚ್ಚಳ ಬಿಗಿದು ಮತ್ತೆ ಓಡಿಸಿದೆ, ಮತ್ತೆ ನಿಂತಿತು. ಮುಚ್ಚಳ ತೆಗೆದೆ, ಹೊರಟಿತು. ಮೂರನೆಯ ಸಲ ಮುಚ್ಚಳವನ್ನು ಸಡಿಲ ಬಿಟ್ಟು ಹೊರಟವಳು ಸವದತ್ತಿಯಲ್ಲಿ ಚಹಾ ಕುಡಿದು, ಹಾಗೆಯೇ ಮನೆ ಮುಟ್ಟಿದೆ. ಕಾರು ಎಲ್ಲಿಯೂ ನಿಲ್ಲಲಿಲ್ಲ.

ಪೆಟ್ರೋಲ್ ಖರ್ಚಾದಂತೆ ಆ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಬರದಿದ್ದರೆ ಪಂಪು ಎಷ್ಟು ಎಳೆದರೂ ಪೆಟ್ರೋಲ್ ಬಾರದು. ಟಾಂಕಿ ತುಂಬಿದಾಗ ಒಳಗೆ ಗಾಳಿಯೇ ಕಡಿಮೆ, ಆದ್ದರಿಂದ ಬೇಗ ನಿಲ್ಲುತ್ತದೆ. ಗಾಳಿ ಬರಲೆಂದೇ ಮುಚ್ಚಳದ ನಡುವೆ ಒಂದು ಸಣ್ಣ ತೂತು ಇರಬೇಕಿತ್ತು. ಅದಿರಬೇಕಾದ ಜಾಗದಲ್ಲಿ ವಿಭೂತಿ ಇತ್ತು. ಗಟ್ಟಿಯಾಗಿ, ಪದರದ ಮೇಲೆ ಪದರ.

ಕಾರು ಉಣ್ಣುವ ಬಾಯಿ ಅದೇ ಎಂದು ಅವ್ವ ಪ್ರತಿ ಸೋಮವಾರ ಹಸಿ ವಿಭೂತಿಯನ್ನು ಮೂರು ಬೆರಳಿಂದ ಆ ಮುಚ್ಚಳಕ್ಕೆ ಹಚ್ಚುತ್ತಿದ್ದಳು. ಕಾರು ನಿಲ್ಲತೊಡಗಿದ ಮೇಲೆ ಆಸ್ಪತ್ರೆಗೆ ಹೊರಡುವ ಬೆಳಿಗ್ಗೆಯೂ ಹಚ್ಚುತ್ತಿದ್ದಳು, ಅದೂ ದಪ್ಪಗೆ. ಕಣ್ಣು ಕಾಣದ ಕೈಗೆ ಎಷ್ಟು ಹಚ್ಚಿದೆನೆಂಬುದೂ ತಿಳಿಯುತ್ತಿರಲಿಲ್ಲ.

ಮಿಸ್ತ್ರಿಯವರಿಗೆ ತೋರಿಸಿದಾಗ ಅವರು ತಲೆ ತಗ್ಗಿಸಿದರು.

“ನನ್ನ ತಪ್ಪ ಐತ್ರಿ ಅಕ್ಕಾರ. ಅವ್ವಾರು ಹಚ್ಚಿದ ವಿಭೂತಿ ಅಳಿಸಬಾರದಂತ ಅರಿವಿ ಹಾಕಿ ಮುಚ್ಚಳ ತಗೀತಿದ್ದೆ. ತೂತು ನೋಡಲಿಲ್ಲ.”

ನಾನು ದಿನಾ ಅದೇ ಮುಚ್ಚಳ ತೆಗೆದು ಪೆಟ್ರೋಲ್ ಹಾಕಿಸುವ ವಿಜ್ಞಾನದ ಟೀಚರು. ಅವರ ತಪ್ಪಿಗಿಂತ ನನ್ನದೇ ದೊಡ್ಡದು ಎಂದೆ.

ಅವ್ವನಿಗೆ ಹೇಳುವುದು ಉಳಿಯಿತು. ನಯವಾಗಿ ಹೇಳಬೇಕೆಂದು ಹೋದವಳು ನನ್ನ ಬಾಯಿಯ ಗುಣಕ್ಕೆ ನೇರವಾಗಿ ಹೇಳಿಬಿಟ್ಟೆ.

“ದೇವರು ಬ್ಯಾಡ ಅಂದಿಲ್ಲಬೇ. ನಿನ್ನ ವಿಭೂತಿ ಗಾಳಿ ಬಂದ್ ಮಾಡೇತಿ.”

“ವಿಭೂತಿಯಿಂದ ಎಲ್ಲಿಯಾದರೂ ಗಾಡಿ ನಿಲ್ಲತೈತೇನು?”

“ಎಣ್ಣಿ ಡಬ್ಬಿಗೆ ನೀ ಎರಡು ತೂತು ಯಾಕ ಹೊಡೀತಿ?”

ಒಂದರಿಂದ ಎಣ್ಣೆ, ಇನ್ನೊಂದರಿಂದ ಗಾಳಿ. ಅದನ್ನು ನನಗೆ ಕಲಿಸಿದವಳೇ ಅವ್ವ. “ಹಂಗಾರ ಇಷ್ಟು ದಿನ ನಾನ ನಿಲ್ಲಿಸೀನಿ” ಎಂದಳು. ರಾತ್ರಿ ಊಟಕ್ಕೂ ಅವಳು ಸರಿಯಾಗಿ ಏಳಲಿಲ್ಲ. ಮರುದಿನ ಬೆಳಿಗ್ಗೆ ತಾನಾಗಿಯೇ ಕೇಳಿದಳು, “ಡಾಕ್ಟರ್ ಬರೂದು ಎಂದ?”

ತಾರೀಖು ಬಂದ ದಿನ ಮುಚ್ಚಳದ ತೂತು ಬಿಡಿಸಿ, ಟಾಂಕಿ ತುಂಬಿಸಿಯೇ ಹೊರಟೆ. ತೊರಗಲ್ ಕೋಟೆ ಹಿಂದೆ ಬಿತ್ತು, ಸವದತ್ತಿ ಹಿಂದೆ ಬಿತ್ತು, ಸರದಿಯಲ್ಲಿ ನಾವೇ ಮೊದಲು ಕುಳಿತೆವು. ಇಂಜೆಕ್ಷನ್ ಕೋಣೆಗೆ ಹೋಗುವಾಗ ಅವ್ವ ನನ್ನ ಕೈ ನೋಯುವಷ್ಟು ಹಿಡಿದಿದ್ದಳು, ಆದರೆ ದೇವರ ಮಾತು ತೆಗೆಯಲಿಲ್ಲ. ಮುಂದಿನ ತಿಂಗಳು ಕೊನೆಯದೂ ಆಯಿತು.

ವಿಭೂತಿ ನಿಲ್ಲಲಿಲ್ಲ, ನಿಲ್ಲಿಸು ಎಂದು ನಾನೂ ಹೇಳಲಿಲ್ಲ. ಹಚ್ಚುವ ಮೊದಲು ಪಿನ್ನಿನಿಂದ ತೂತು ಬಿಡಿಸುವುದು, ಅದರ ಪಕ್ಕಕ್ಕೆ ಹಚ್ಚುವುದು ಎಂದು ಒಪ್ಪಂದವಾಯಿತು. ಮೊದಮೊದಲು ನಾನೇ ಅವಳ ಬೆರಳು ಹಿಡಿದು ತೂತಿನ ಜಾಗ ತೋರಿಸಬೇಕಾಗುತ್ತಿತ್ತು.

ಕೊನೆಯ ಇಂಜೆಕ್ಷನ್ನಾಗಿ ಕೆಲವು ವಾರಗಳ ಮೇಲೆ, ಒಂದು ಸೋಮವಾರ, ನಾನು ಶಾಲೆಗೆ ತಡವಾಯಿತೆಂದು ಗೊಣಗುತ್ತಾ ಹೊರಗೆ ಬಂದೆ. ಅವ್ವ ಕಾರಿನ ಹಿಂದೆ ಬಗ್ಗಿ ನಿಂತಿದ್ದಳು. ತೋರಿಸೋಣವೆಂದು ಕೈ ಚಾಚಿದೆ.

“ಬಿಡು,” ಎಂದಳು, “ಇಲ್ಲೇ ಐತಲ್ಲ, ಕಾಣತೈತಿ.”

ಸೆರಗಿನ ಪಿನ್ನು ತೆಗೆದು, ಒಂದೇ ಸಲಕ್ಕೆ ತೂತಿನೊಳಗೆ ಇಳಿಸಿದಳು.