ಸಬಿತಕ್ಕ ಬರೆದ ಹಸೆ

ಮೆಟ್ರೋ ಇನ್ನೂ ಮಾದಾವರ ಮುಟ್ಟಿರದ ಕಾಲ. ನಮ್ಮ ಮಾಕಳಿಯಲ್ಲಿ ಫ್ಯಾಕ್ಟರಿ ಶೆಡ್ಡುಗಳ ಮಧ್ಯೆ ಅಲ್ಲೊಂದು ಇಲ್ಲೊಂದು ರಾಗಿ ಹೊಲ ಉಳಿದಿತ್ತು. ಮನೆಯ ಹಿಂದೆ ಅಪ್ಪ ಸಾಲಾಗಿ ಶೀಟಿನ ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಬೇಸಿಗೆ ರಜೆ ಬಂದರೆ ಆ ರೂಮುಗಳ ಮುಂದೆಯೇ ನಮ್ಮ ಕುಂಟೆಬಿಲ್ಲೆ. ಉಪ್ಪು ಕಾರ ಅದ್ದಿದ ಮಾವಿನಕಾಯಿ ತಿಂದು ಹಲ್ಲು ಚುಳ್ಳೆನ್ನುತ್ತಿದ್ದದ್ದೂ ಅಲ್ಲೇ.

ಕೊನೆಯ ರೂಮಿನಲ್ಲಿ ಒಡಿಶಾದ ಸಬಿತಕ್ಕ ಇದ್ದಳು. ಗಂಡ ಹತ್ತಿರದ ಫ್ಯಾಕ್ಟರಿಯಲ್ಲಿ ಪ್ರೆಸ್ ಮೆಷಿನ್ ನಡೆಸುತ್ತಿದ್ದ. ಅವಳು ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದಳು. ಅವಳು ನನ್ನ ತಲೆ ಬಾಚಿದರೆ ದಿನವಿಡೀ ಜಡೆಯೂ ಘಮಘಮ ಅನ್ನುತ್ತಿತ್ತು.

ನಮ್ಮ ಅಜ್ಜಿ ಹಸೆ ಬರೆಯುವುದಕ್ಕೆ ಸುತ್ತಲ ಊರುಗಳಿಗೆಲ್ಲ ಹೆಸರಾದವಳು. ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ನೆನೆಸಿ ರುಬ್ಬಿದ ಅಕ್ಕಿಹಿಟ್ಟಿನಲ್ಲಿ ಕಂಬ, ಗಿಳಿ, ಸೂರ್ಯ, ಚಂದ್ರ, ನಡುವೆ ಹೆಣ್ಣು ಗಂಡು. ಆದರೆ ಅವಳು ಬರೆದದ್ದನ್ನು ನಾನು ಕಂಡವಳಲ್ಲ. ಹಸೆ ಮುತ್ತೈದೆಯರ ಕೈಯದು. ತಾತ ತೀರಿಕೊಂಡ ದಿನವೇ ಅಜ್ಜಿಯ ಕೈ ನಿಂತುಹೋಗಿತ್ತು. ಸೊಸೆಯರಿಗೆ ಅದರ ಗೊಡವೆ ಬೇಕಿರಲಿಲ್ಲ. "ಒಂದು ಫ್ಲೆಕ್ಸ್ ಹಾಕ್ಸಿದ್ರೆ ಆಯ್ತು ಬಿಡಿ ಅತ್ತೆ" ಅನ್ನುತ್ತಿದ್ದಳು ಅಮ್ಮ.

ಒಂದು ಬೆಳಿಗ್ಗೆ ಸಬಿತಕ್ಕ ತನ್ನ ಬಾಗಿಲ ಪಕ್ಕದ ಗೋಡೆಗೆ ಅಕ್ಕಿಹಿಟ್ಟಿನಲ್ಲಿ ಬೆರಳಾಡಿಸಿ ಭತ್ತದ ತೆನೆ ಬರೆದಿದ್ದಳು. ಅವರ ಊರಿನಲ್ಲಿ ಹಬ್ಬಕ್ಕೆ ಹಾಗೆ ಬರೆಯುತ್ತಾರಂತೆ. ಅಜ್ಜಿ ತುಂಬಾ ಹೊತ್ತು ಅಲ್ಲೇ ನಿಂತಳು.

"ಯಾರವ್ವ ಕಲ್ಸಿದ್ದು?"

"ಅಮ್ಮ."

"ನಾನು ಯೋಳ್ದಂಗೆ ಬರೀತೀಯಾ?"

ಆ ಬೇಸಿಗೆ ಅಜ್ಜಿ ಬಾಯಿ, ಸಬಿತಕ್ಕ ಕೈ. ಅಜ್ಜಿ ಗೋಡೆಯಿಂದ ದೂರ ಕೂತು ಹೇಳುವಳು: "ಗಿಳಿ ಕತ್ತು ಇನ್ನೊಸಿ ಬಗ್ಲಿ. ಹೂಂ, ಅಂಗೆ." ನಾಲ್ಕಾರು ಮದುವೆ ಮನೆಗಳಿಂದ ಕರೆ ಬಂತು. "ಹಿಂದಿಯೋಳ ಕೈಲಿ ಹಸೆ ಬರುಸ್ತೀಯಾ?" ಎಂದು ಒಬ್ಬಾಕೆ ಮೂಗು ಮುರಿದಾಗ ಅಜ್ಜಿ, "ಗೆರೆ ನೋಡಮ್ಮಿ, ಗೆರೆ" ಎಂದು ಬಾಯಿ ಮುಚ್ಚಿಸಿದಳು. ಹೋದಲ್ಲೆಲ್ಲ ಸಬಿತಕ್ಕನ ಸೆರಗಿಗೆ ಒಬ್ಬಟ್ಟು ಕಟ್ಟಿ ಕಳಿಸುತ್ತಿದ್ದರು. ಅರ್ಧ ನನಗೆ.

ಕೊನೆಗೆ ನಮ್ಮ ಮನೆಯದೇ ಮದುವೆ, ನನ್ನ ಸೋದರತ್ತೆಯದು. ಅಷ್ಟು ದೊಡ್ಡ ಹಸೆಯನ್ನು ಸಬಿತಕ್ಕ ಅದುವರೆಗೆ ಬರೆದಿರಲಿಲ್ಲ. ಮುಗಿದಾಗ ಅಜ್ಜಿ ಅವಳ ಗಲ್ಲ ಸವರಿ ನೆಟಿಗೆ ಮುರಿದಳು.

ಮಾರನೆಯ ಮಧ್ಯಾಹ್ನ, ಚಪ್ಪರ ಹಾಕುತ್ತಿರುವಾಗ, ಫ್ಯಾಕ್ಟರಿಯವನೊಬ್ಬ ಬೈಕಿನಲ್ಲಿ ಬಂದ. ಸಬಿತಕ್ಕನ ಗಂಡ ಪ್ರೆಸ್ಸಿಗೆ ಸಿಕ್ಕಿದ್ದ. ಅವಳು ಊದುಬತ್ತಿ ಹಿಟ್ಟಿನ ಕೈಯಲ್ಲೇ ಓಡಿದಳು. ಸಂಜೆಯ ಹೊತ್ತಿಗೆ ಅವನಿಲ್ಲ ಎಂದು ಸುದ್ದಿ ಬಂತು.

ಎಲ್ಲರೂ ಅಯ್ಯೋ ಅಂದರು. ಆಮೇಲೆ ದೊಡ್ಡಮ್ಮ ಮೆಲ್ಲಗೆ ಕೇಳಿದಳು: "ಇನ್ನು ಆ ಗೋಡೆ?"

ಮನೆಯವರೆಲ್ಲ ಅಜ್ಜಿಯ ಮುಖ ನೋಡಿದರು. ಅಜ್ಜಿ ದೊಡ್ಡಮ್ಮನಿಗೆ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಎದ್ದು ಒಂದು ಬಕೆಟ್ ನೀರು ತರಿಸಿದಳು, ಹಳೆ ಸೀರೆ ಅದ್ದಿ ತಾನೇ ಗೋಡೆ ಉಜ್ಜತೊಡಗಿದಳು.

"ಅಜ್ಜಿ, ನೀನು ಮುಟ್ಟೋ ಹಂಗಿಲ್ವಲ್ಲಾ?" ಅಂದೆ.

"ಬರೆಯಾಕೆ ಮುತ್ತೈದೆ ಬೇಕು ಕಣವ್ವ. ಅಳ್ಸಾಕೆ ಮುಂಡೆ ಕೈಯೇ ಸಾಕು."

ಕೆಂಪು ನೀರು ಅಂಗಳದವರೆಗೆ ಹರಿಯಿತು. ಅಪ್ಪ ಅದರ ಮೇಲೆ ಬಿಳಿ ಡಿಸ್ಟೆಂಪರ್ ಬಳಿದ.

ಮರುದಿನ ಬೆಳಿಗ್ಗೆ ಸಬಿತಕ್ಕ ಬಟ್ಟೆಬರೆ ತೆಗೆದುಕೊಳ್ಳಲು ಬಂದಳು. ಹೆಣ ಊರಿಗೆ ಸಾಗಿಸಲು ರಸ್ತೆಯಲ್ಲಿ ಆಂಬ್ಯುಲೆನ್ಸ್ ನಿಂತಿತ್ತು. ಕೈಯಲ್ಲಿ ಬಳೆ ಇರಲಿಲ್ಲ. ಗಂಟು ಹಿಡಿದು ಹೊರಟವಳು ಆ ಗೋಡೆಯ ಮುಂದೆ ನಿಂತುಬಿಟ್ಟಳು.

"ಅಜ್ಜಿ... ಗೆರೆ ತಪ್ಪಾಯ್ತಾ?"

ಅಜ್ಜಿ ಹೂವು ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. "ಊಂ ಕಣವ್ವ. ತಪ್ಪಿತ್ತು."

"ಎಲ್ಲಿ?"

"ಕಂಬದಾಗೆ."

ಸಬಿತಕ್ಕ ಆ ಖಾಲಿ ಗೋಡೆಯ ಮೇಲೆ ಕಂಬವಿದ್ದ ಜಾಗವನ್ನು ದಿಟ್ಟಿಸಿದಳು. "ಮುಂದಿನ ಸಲ ಸರಿ ಮಾಡ್ತೀನಿ, ಅಜ್ಜಿ," ಅಂದು ಹೊರಟುಹೋದಳು. ಮದುವೆ ಮನೆಯವರು ಸಾವಿನ ಕಡೆ ಹೋಗಬಾರದೆಂದು ನಮ್ಮ ಮನೆಯಿಂದ ಯಾರೂ ರಸ್ತೆಯವರೆಗೆ ಹೋಗಲಿಲ್ಲ. ನನ್ನನ್ನೂ ಬಿಡಲಿಲ್ಲ.

ಮದುವೆ ಚೆನ್ನಾಗಿಯೇ ಆಯಿತು. ವಾರದಲ್ಲಿ ಆ ರೂಮಿಗೆ ಬಿಜಾಪುರದ ಕಡೆಯ ಗಾರೆ ಕೆಲಸದವರು ಬಂದರು. ಅಜ್ಜಿ ಆಮೇಲೆ ಯಾರಿಗೂ ಹಸೆ ಹೇಳಿಕೊಡಲಿಲ್ಲ. ಯಾರೂ ಕೇಳಲೂ ಇಲ್ಲ. ಈಗ ಅವಳಿಲ್ಲ. ಸಬಿತಕ್ಕನಿಗೆ ನಿಜದ ಕಾರಣ ಹೇಳದೆ ಅಜ್ಜಿ ಒಳ್ಳೆಯದೇ ಮಾಡಿದಳು ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ.

ಹೋದ ವರ್ಷ ನನ್ನ ಮದುವೆಗೆ ಛತ್ರದವರು ಥರ್ಮಾಕೋಲ್ ಹಲಗೆಯ ಮೇಲೆ ಹಸೆಯ ಸ್ಟಿಕ್ಕರ್ ಅಂಟಿಸಿದ್ದರು. ಬಂದವರೆಲ್ಲ ಅದರ ಮುಂದೆ ಸೆಲ್ಫಿ ತೆಗೆದುಕೊಂಡರು. ಹಸೆ ಬರೆಯಬಲ್ಲ ಒಂದು ಕೈಯೂ ನಮ್ಮೂರಿನಲ್ಲಿ ಈಗ ಇಲ್ಲ. ಒಂದು ಕೈ ಒಡಿಶಾದ ಯಾವುದೋ ಹಳ್ಳಿಯಲ್ಲಿದೆ, ಬದುಕಿದ್ದರೆ. ಎಲ್ಲಿ ತಪ್ಪಿದೆನೆಂದು ಅವಳು ಈಗಲೂ ಯೋಚಿಸುತ್ತಿರಬಹುದು.

ಕಂಬ ನೆಟ್ಟಗೇ ಇತ್ತು. ನಾನು ನೋಡಿದ್ದೆ.